ಸಿಮೆಂಟಿಲ್ಲದ ಮಂಡಿಗೆ ಸೆಂಟ್ರಿಂಗ್

ಗಾರೆ ಮೇಸ್ತ್ರಿಗಳ ಬಲಮಂಡಿ ಒಂದೇ ದಿನದಲ್ಲಿ ಕೈಕೊಟ್ಟದ್ದಲ್ಲ. ನಲವತ್ತು ವರ್ಷ ಕುಕ್ಕರಗಾಲಿನಲ್ಲಿ ಕೂತು ಅರ್ಧ ಊರಿನ ಮನೆಗಳಿಗೆ ನೆಲ ಮಾಡಿಕೊಟ್ಟ ಮಂಡಿ ಅದು. ಸಾರುವೆ ಹತ್ತಿ ಇಳಿದು, ಇಳಿದು ಹತ್ತಿ, ಕೊನೆಗೆ ಒಳಗಿನ ಮೆತ್ತೆಯೆಲ್ಲ ಸವೆದು ಮೂಳೆಗೆ ಮೂಳೆ ತಿಕ್ಕತೊಡಗಿತು. ಆಸ್ಪತ್ರೆಯ ದೊಡ್ಡ ಡಾಕ್ಟರು ಅದಕ್ಕೆ ಆಸ್ಟಿಯೋಆರ್ಥ್ರೈಟಿಸ್ ಎಂದು ನಾಲಿಗೆ ಉಳುಕುವಂಥ ಹೆಸರು ಹೇಳಿದರು. ಸವೆದಿದೆ ಅಂದರೆ ಸಾಲದೇ ಎಂದು ಮೇಸ್ತ್ರಿಗಳಿಗೆ ಅನ್ನಿಸಿತು.

ಆದರೆ ಅವರ ನಿಜವಾದ ಚಿಂತೆ ತಮ್ಮ ಮಂಡಿಯದಲ್ಲ, ಹೆಂಡತಿಯದು. ಆಕೆಯ ಎರಡು ಮಂಡಿಗಳೂ ಇವರದಕ್ಕಿಂತ ಹತ್ತು ವರ್ಷ ಮೊದಲೇ ಕೆಟ್ಟಿದ್ದವು. ಮನೆಯೊಳಗೆ ನಾಲ್ಕು ಸ್ಟೂಲುಗಳಿದ್ದವು. ಮಲಗುವ ಕೋಣೆಯಿಂದ ಹೊರಟ ಆಕೆ ಮೊದಲ ಸ್ಟೂಲಿನಲ್ಲಿ ಕೂತು ಉಸಿರು ಬಿಟ್ಟು, ಎರಡನೆಯದರಲ್ಲಿ ಕೂತು ಮಂಡಿ ಒತ್ತಿಕೊಂಡು, ಮೂರನೆಯದರಲ್ಲಿ ಕೂತು ಗಂಡನನ್ನು ಬೈದು, ನಾಲ್ಕನೆಯದಕ್ಕೆ ತಲುಪಿದರೆ ಅದೇ ಅಡುಗೆಮನೆ. ಆಪರೇಷನ್ ಮಾಡಿಸಿಕೋ ಎಂದರೆ ಆಕೆಯದು ಒಂದೇ ಉತ್ತರ:

"ಕಾಲು ಕೊಯ್ಸ್ಕೊಂಡು ಮಂಚ ಹಿಡಿಯೋದಕ್ಕಿಂತ ಕುಂಟ್ಕೊಂಡಾದ್ರೂ ಓಡಾಡ್ಕೊಂಡಿರೋದು ವಾಸಿ ಕಣ್ರೀ."

ಓಡಾಟ ಎಂದು ಆಕೆ ಕರೆಯುತ್ತಿದ್ದದ್ದನ್ನು ನೋಡಿ ನೋಡಿ ಮೇಸ್ತ್ರಿಗಳಿಗೆ ಸಾಕಾಗಿತ್ತು. ಆಗ ಹೊಳೆದದ್ದು ತಮ್ಮ ಕಸುಬಿನ ಹಳೆಯ ಉಪಾಯ. ಮನೆ ಕಟ್ಟಿಸುವ ಯಜಮಾನ ಅನುಮಾನ ಪಟ್ಟರೆ ಮೇಸ್ತ್ರಿಯಾದವನು ವಾದ ಮಾಡುವುದಿಲ್ಲ. ಒಂದು ಮೊಳದಷ್ಟು ಗೋಡೆಗೆ ಸಾರಣೆ ಮಾಡಿ, ನುಣ್ಣಗೆ ತೀಡಿ, ಇಗೋ ಸ್ಯಾಂಪಲ್ಲು, ಒಪ್ಪಿಗೆಯಾದರೆ ಮಿಕ್ಕದ್ದು ಮಾಡ್ತೀನಿ ಎನ್ನುತ್ತಾನೆ.

"ಮೊದಲು ನನ್ನ ಮಂಡಿ ಮಾಡಿಸ್ಕೋತೀನಿ. ಸ್ಯಾಂಪಲ್ ನೋಡು. ಒಪ್ಪಿಗೆಯಾದ್ರೆ ನಿಂದೂ ಆಗ್ಲಿ," ಎಂದರು.

ಆಕೆ ಮೂರನೆಯ ಸ್ಟೂಲಿನಲ್ಲಿ ಕೂತು ಯೋಚಿಸಿದಳು. "ನೀವು ನನ್ನ ಮುಂದೆ ನೆಟ್ಟಗೆ ನಡೆದು ತೋರ್ಸಿ. ಆಮೇಲೆ ನೋಡೋಣ."

ಹೀಗೆ ಒಬ್ಬ ಮನುಷ್ಯ ಹೆಂಡತಿಯ ಕಾಲಿಗಾಗಿ ತನ್ನ ಕಾಲನ್ನು ಒಪ್ಪಿಸಲು ಹೊರಟ. ಇಂಥವರ ಮೇಲೆ ಕಾವ್ಯ ಬರೆಯುವವರು ಯಾರೂ ಇಲ್ಲ. ಇರಲಿ.

ಡಾಕ್ಟರ ಕೋಣೆಯಲ್ಲಿ ಎಲ್ಲವೂ ಸುಸೂತ್ರವಾಗಿಯೇ ನಡೆಯಿತು, ಆ ಒಂದು ಮಾತು ಬರುವ ತನಕ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ನಿಮ್ಮ ಮೂಳೆ ಬಹಳ ಗಟ್ಟಿ ಇದೆ ಮೇಸ್ತ್ರಿಗಳೇ. ದುಡಿದ ಮೈ. ನಿಮಗೆ ಸಿಮೆಂಟ್ ಇಲ್ಲದೆ ಕೂರಿಸ್ತೀನಿ," ಎಂದರು.

ಮೇಸ್ತ್ರಿಗಳು ಕುರ್ಚಿಯ ತುದಿಗೆ ಬಂದರು. "ಏನಿಲ್ಲದೆ?"

"ಸಿಮೆಂಟ್ ಇಲ್ಲದೆ. ಲೋಹದ ಮಂಡೀನ ಮೂಳೆಗೆ ಅಂಟ್ಸೋದಕ್ಕೆ ಕೆಲವರಿಗೆ ಒಂದು ಥರದ ಸಿಮೆಂಟ್ ಹಾಕ್ತೀವಿ. ನಿಮಗೆ ಬೇಡ. ಈ ಲೋಹದ ಮೈ ಒರಟಾಗಿರುತ್ತೆ, ಸಣ್ಣ ಸಣ್ಣ ತೂತು ಇರುತ್ತೆ. ನಿಮ್ಮ ಮೂಳೇನೇ ಅದರೊಳಕ್ಕೆ ಬೆಳೆದು ಕಚ್ಚಿಕೊಳ್ಳುತ್ತೆ. ಪೂರ್ತಿ ಕಚ್ಚಿಕೊಳ್ಳೋಕೆ ಎರಡು ಮೂರು ತಿಂಗಳು."

ಅದಾದ ಮೇಲೆ ಡಾಕ್ಟರು ಇನ್ನೂ ಏನೇನೋ ಮುಖ್ಯವಾದದ್ದು ಹೇಳಿದರು. ಮೇಸ್ತ್ರಿಗಳ ಕಿವಿಗೆ ಒಂದೂ ಹೋಗಲಿಲ್ಲ. ಸಿಮೆಂಟು ಕಡಿಮೆ ಹಾಕಿದವರನ್ನು ಅವರು ಬದುಕಿನಲ್ಲಿ ಬೇಕಾದಷ್ಟು ಕಂಡಿದ್ದರು. ಹಾಕುವುದೇ ಇಲ್ಲ ಎಂದು ಎದುರಿಗೇ ಕೂತು ಹೇಳಿದವರನ್ನು ಕಂಡದ್ದು ಅಂದೇ ಮೊದಲು.

ಅಂದು ಸಂಜೆ ಬೀದಿಯ ಸಿಮೆಂಟ್ ಅಂಗಡಿಯ ಮುಂದೆ ಸಭೆ ಸೇರಿತು. ಸಭೆ ಎಂದರೆ ಮೇಸ್ತ್ರಿಗಳು, ಅಂಗಡಿಯ ಸಾಹುಕಾರರು, ಮತ್ತು ಮೇಸ್ತ್ರಿಗಳ ಹೆಂಡತಿಯ ತಮ್ಮ, ನಿವೃತ್ತ ಓವರ್ಸಿಯರು. ಓವರ್ಸಿಯರು ಮೂವತ್ತು ವರ್ಷ ರಸ್ತೆ, ಮೋರಿ, ಸೇತುವೆಗಳನ್ನು ಪರೀಕ್ಷಿಸಿ ತಿರಸ್ಕರಿಸಿದವರು. ಈಗ ತಿರಸ್ಕರಿಸಲು ಏನೂ ಸಿಗದೆ ಮನೆಯಲ್ಲಿ ಕಾಫಿ ಚಹಾಗಳನ್ನೇ ತಿರಸ್ಕರಿಸುತ್ತಿದ್ದರು.

"ಸಿಮೆಂಟ್ ಇಲ್ವಂತೆ," ಎಂದರು ಮೇಸ್ತ್ರಿಗಳು.

ಸಾಹುಕಾರರಿಗೆ ತಮ್ಮನ್ನೇ ಯಾರೋ ಬೈದ ಹಾಗಾಯಿತು. "ಇಲ್ಲ ಅಂದ್ರೆ ಏನರ್ಥ? ನನ್ನನ್ನ ಒಂದು ಮಾತು ಕೇಳ್ಬಾರ್ದಾ? ಬೆಳಿಗ್ಗೆ ತಾನೆ ಹೊಸ ಲೋಡ್ ಇಳಿದಿದೆ. ಒಂದು ಮೂಟೆ ಆಸ್ಪತ್ರೆಗೆ ನಾನೇ ಕಳಿಸ್ತೀನಿ, ನನ್ನ ಕಡೆಯಿಂದ!"

ಓವರ್ಸಿಯರು ಕಣ್ಣು ಕಿರಿದು ಮಾಡಿದರು. "ಭಾವ, ನಾನು ಈ ಥರದ್ದು ಬಹಳ ನೋಡಿದೀನಿ. ಮೊದಲು ಸಿಮೆಂಟ್ ಬೇಡ ಅಂತಾರೆ. ಆಮೇಲೆ ಕಬ್ಬಿಣ ಬೇಡ ಅಂತಾರೆ. ಕೊನೆಗೆ ಸೇತುವೆ ಎಲ್ಲಿ ಅಂದ್ರೆ ಹೊಳೆ ತೋರಿಸ್ತಾರೆ."

"ಆದ್ರೂ," ಎಂದು ಮೇಸ್ತ್ರಿಗಳು ತಲೆ ಕೆರೆದುಕೊಂಡರು, "ಮೈ ಒರಟು ಮಾಡಿರ್ತಾರಂತೆ. ಅದು ಸರಿಯಾದ ಕ್ರಮವೇ. ನಾವೂ ಹಳೇ ಗೋಡೆಗೆ ಸಾರಣೆ ಹಿಡೀಲಿ ಅಂತ ಉಳೀಲಿ ಕಚ್ಚು ಹೊಡೀತೀವಲ್ಲ. ಆದ್ರೆ ಕಚ್ಚು ಹೊಡೆದ ಮೇಲೆ ಏನಾದ್ರೂ ಹಾಕ್ತೀವಪ್ಪ. ಬರೀ ಕಚ್ಚು ಹೊಡೆದು ಮನೆಗೆ ಹೋಗಲ್ಲ."

ಹಿಂದೆ ಸರಿಯೋಣವೆಂದರೆ ಮನೆಯಲ್ಲಿ ನಾಲ್ಕು ಸ್ಟೂಲುಗಳು. ತಾವು ಹೆದರಿ ಬಿಟ್ಟರೆ ಆಕೆ ಜನ್ಮದಲ್ಲಿ ಒಪ್ಪುವುದಿಲ್ಲ. ಸಿಮೆಂಟಿದ್ದರೇನು ಇಲ್ಲದಿದ್ದರೇನು, ಒಂದು ಕೆಲಸವನ್ನಂತೂ ತಮ್ಮ ಕೈಯಲ್ಲೇ ಸರಿಯಾಗಿ ಮಾಡಬಹುದು ಎಂದು ಮೇಸ್ತ್ರಿಗಳು ತೀರ್ಮಾನಿಸಿದರು. ಮೂಳೆ ಕಚ್ಚಿಕೊಳ್ಳಲು ಸಮಯ ಬೇಕು ಎಂದು ಡಾಕ್ಟರೇ ಹೇಳಿದ್ದಾರೆ. ಅಂದರೆ ಅದೂ ಒಂದು ಮೋಲ್ಡು. ಚಾವಣಿಗೆ ಕಾಂಕ್ರೀಟಿನ ಮೋಲ್ಡು ಹಾಕುವಾಗ ಅಡಿಯಲ್ಲಿ ಹಲಗೆ, ಕಂಬ ಕೊಟ್ಟು ಸೆಂಟ್ರಿಂಗ್ ನಿಲ್ಲಿಸಬೇಕು. ಇಪ್ಪತ್ತೊಂದು ದಿನ ಅದನ್ನು ಯಾರೂ ಮುಟ್ಟಬಾರದು, ಮೇಲೆ ಭಾರ ಬೀಳಬಾರದು. ಇದು ಲೋಕದ ನಿಯಮ. ಡಾಕ್ಟರುಗಳಿಗೆ ಗೊತ್ತಿಲ್ಲದಿದ್ದರೆ ಅದು ಅವರ ಓದಿನ ದೋಷ.

ಆಪರೇಷನ್ ಆಯಿತು. ಒಳಗೆ ಕರೆದೊಯ್ಯುವ ಮುನ್ನ ನರ್ಸಮ್ಮ ಅವರ ತಲೆದಿಂಬಿನ ಕೆಳಗಿಂದ ಒಂದು ರಸಮಟ್ಟವನ್ನು ವಶಪಡಿಸಿಕೊಂಡದ್ದನ್ನು ಬಿಟ್ಟರೆ ಯಾವ ತೊಡಕೂ ಆಗಲಿಲ್ಲ. "ಕೂರಿಸಿದ ಮೇಲೆ ಮಟ್ಟ ನೋಡೋಕೆ ಡಾಕ್ಟರಿಗೇ ಕೊಡೋಣ ಅಂತಿದ್ದೆ," ಎಂದು ಮೇಸ್ತ್ರಿಗಳು ಅರಿವಳಿಕೆಯಿಂದ ಕಣ್ಣು ಮುಚ್ಚುವ ತನಕ ಗೊಣಗುತ್ತಿದ್ದರಂತೆ.

ಮರುದಿನ ಬೆಳಿಗ್ಗೆ ವಾರ್ಡಿಗೆ ಒಬ್ಬ ಸಣಕಲು ಹುಡುಗಿ ಬಂದಳು. ಹೊಸ ಮಂಡಿಯವರಿಗೆ ನಡಿಗೆ ಕಲಿಸುವುದು ಆಕೆಯ ಕೆಲಸ. ವಾರ್ಡಿನವರೆಲ್ಲ ಆಕೆಯನ್ನು ನಡಿಗೆ ಟೀಚರ್ ಎಂದು ಕರೆಯುತ್ತಿದ್ದರು. ಕೈಯಲ್ಲೊಂದು ನಾಲ್ಕು ಕಾಲಿನ ವಾಕರ್ ಹಿಡಿದು ಮೇಸ್ತ್ರಿಗಳ ಮಂಚದ ಬಳಿ ನಿಂತು, "ಏಳಿ ಅಂಕಲ್, ಇವತ್ತು ನಾಲ್ಕು ಹೆಜ್ಜೆ ಹಾಕೋಣ," ಎಂದಳು.

ಹೊದಿಕೆ ಸರಿಸಿದರೆ ಮಂಡಿಯ ಕೆಳಗೆ ಎರಡು ದಿಂಬು, ಆಚೆ ಈಚೆ ಒಂದೊಂದು ಸುತ್ತಿದ ಟವೆಲು, ಪಾದಕ್ಕೆ ಒತ್ತಿಕೊಂಡ ಹಾಗೆ ನೀರಿನ ಬಾಟಲಿ. ಭದ್ರವಾದ ವ್ಯವಸ್ಥೆ.

"ಇದೇನು ಅಂಕಲ್?"

"ಸೆಂಟ್ರಿಂಗ್. ಮುಟ್ಬೇಡಮ್ಮ. ನಿನ್ನೆ ಹಾಕಿದ ಮೋಲ್ಡು, ಇನ್ನೂ ಹಸಿ ಇದೆ."

"ಮಂಡಿ ಕೆಳಗೆ ದಿಂಬು ಇಡಲೇಬಾರ್ದು! ಕಾಲು ಹಾಗೇ ಬಗ್ಗಿ ನಿಂತುಬಿಡುತ್ತೆ, ಆಮೇಲೆ ನೆಟ್ಟಗೇ ಆಗಲ್ಲ." ಆಕೆ ದಿಂಬು ಎಳೆದಳು. ಮೇಸ್ತ್ರಿಗಳು ಇನ್ನೊಂದು ತುದಿ ಹಿಡಿದರು.

"ನಿಂಗೆಷ್ಟು ವಯಸ್ಸಮ್ಮ?"

"ಇಪ್ಪತ್ನಾಲ್ಕು."

"ನಾನು ಸೆಂಟ್ರಿಂಗ್ ನಿಲ್ಲಿಸೋಕೆ ಶುರು ಮಾಡಿ ನಲವತ್ತು ವರ್ಷ ಆಯ್ತು. ಒಂದು ಚಾವಣಿ ಬಿದ್ದಿಲ್ಲ. ಇಪ್ಪತ್ತೊಂದು ದಿನ ಬಿಟ್ಟು ಬಾ, ನೀನು ಹೇಳಿದಲ್ಲಿಗೆ ನಡೀತೀನಿ."

ಆಕೆ ನರ್ಸಮ್ಮನನ್ನು ಕರೆತರಲು ಹೋದಳು. ಹೋದದ್ದೇ ತಪ್ಪಾಯಿತು. ಆ ವಾರ್ಡಿನಲ್ಲಿ ಒಟ್ಟು ಎಂಟು ಮಂಚ, ಎಂಟರಲ್ಲೂ ಹೊಸ ಮಂಡಿಗಳು. ಬಸ್ ಡ್ರೈವರೊಬ್ಬರು, ದರ್ಜಿಯೊಬ್ಬರು, ಗಣಿತದ ಮೇಷ್ಟ್ರೊಬ್ಬರು, ಹೀಗೆ ತರಾವರಿ ಜನ. ಪಕ್ಕದ ಮಂಚದ ಡ್ರೈವರು ಕತ್ತು ಉದ್ದ ಮಾಡಿ, "ಏನ್ ಮೇಸ್ತ್ರಿಗಳೇ, ಏನೋ ಹಸಿ ಅಂದ್ರಲ್ಲ?" ಎಂದು ಕೇಳಿದರು.

ಮೇಸ್ತ್ರಿಗಳಿಗೆ ಬೇಕಾಗಿದ್ದದ್ದೂ ಅದೇ. ದಿಂಬಿಗೆ ಒರಗಿ, ಇಡೀ ವಾರ್ಡಿಗೆ ಕೇಳುವ ಹಾಗೆ, ಮೋಲ್ಡು ಎಂದರೇನು, ಅವಸರದಲ್ಲಿ ಸೆಂಟ್ರಿಂಗ್ ತೆಗೆದವರಿಗೆ ಏನಾಯಿತು, ಯಾವ ಯಾವ ಮನೆಯ ಸಜ್ಜೆ ಯಾರ ಯಾರ ತಲೆಯ ಮೇಲೆ ಬಿತ್ತು ಎಂಬುದನ್ನೆಲ್ಲ ಉದಾಹರಣೆ ಸಹಿತ ವಿವರಿಸಿದರು. ದರ್ಜಿಯವರು ಆ ಬೆಳಿಗ್ಗೆ ತಾನೆ ಆರು ಹೆಜ್ಜೆ ನಡೆದು ಬಂದಿದ್ದರು. ಅವರ ಮುಖ ಬಿಳಿಚಿಕೊಂಡಿತು.

"ಹಾಗಾದ್ರೆ ನಂದು ಒಳಗೆ ಬಿರುಕು ಬಿಟ್ಟಿರುತ್ತಾ?"

"ಕೂದಲೆಳೆಯಷ್ಟು ಬಿಟ್ಟಿರುತ್ತೆ. ಇನ್ನಾದ್ರೂ ಅಲ್ಲಾಡ್ಬೇಡಿ," ಎಂದು ಮೇಸ್ತ್ರಿಗಳು ಕನಿಕರದಿಂದ ಹೇಳಿದರು.

"ನಂಗೆ ಸಿಮೆಂಟ್ ಹಾಕಿದಾರಲ್ಲ," ಎಂದರು ಗಣಿತದ ಮೇಷ್ಟ್ರು.

"ಅಯ್ಯೋ, ಹಾಗಾದ್ರೆ ನಿಮಗೆ ದಿನಾ ನೀರು ಹಾಕ್ಬೇಕು. ಯಾರೂ ಹೇಳ್ಲಿಲ್ವಾ?"

ನರ್ಸಮ್ಮ ಬರುವ ಹೊತ್ತಿಗೆ ಎಂಟು ಮಂಚಗಳ ಮೇಲೂ ಸೆಂಟ್ರಿಂಗ್ ನಿಂತಿತ್ತು. ದಿಂಬು ಸಾಲದವರು ಹೊದಿಕೆ ಮಡಚಿಟ್ಟುಕೊಂಡಿದ್ದರು. ಗಣಿತದ ಮೇಷ್ಟ್ರು ಒದ್ದೆ ಕರ್ಚೀಫನ್ನು ಮಂಡಿಯ ಪಟ್ಟಿಯ ಹತ್ತಿರ ಹಿಡಿದು, ಸುರಿಯಬೇಕೋ ಒರೆಸಬೇಕೋ ತಿಳಿಯದೆ ಯೋಚಿಸುತ್ತಿದ್ದರು. ನರ್ಸಮ್ಮ ಕರ್ಚೀಫನ್ನು ಕಿತ್ತುಕೊಂಡು ಎಂಟೂ ಜನರನ್ನು ಒಂದೇ ಉಸಿರಿನಲ್ಲಿ ಬೈದರು. ಯಾರೂ ಏಳಲಿಲ್ಲ.

ಸಂಜೆ ಬಂದ ಓವರ್ಸಿಯರು ಪರಿಸ್ಥಿತಿಗೆ ಸರ್ಕಾರಿ ಮುದ್ರೆ ಒತ್ತಿದರು. ಕೈ ಹಿಂದೆ ಕಟ್ಟಿಕೊಂಡು ಮಂಚದಿಂದ ಮಂಚಕ್ಕೆ ನಡೆದು, ದಿಂಬುಗಳನ್ನು ಬೆರಳಿನಿಂದ ಒತ್ತಿ ನೋಡಿ, "ಮೂರನೇ ಮಂಚದ್ದು ಸಡಿಲ ಇದೆ. ಸರಿಪಡಿಸಿ," ಎಂದು ಹೇಳಿ ಹೋದರು. ನಿವೃತ್ತರಾದ ಮೇಲೆ ಅವರು ಅಷ್ಟು ಸಂತೋಷವಾಗಿದ್ದದ್ದನ್ನು ಯಾರೂ ಕಂಡಿರಲಿಲ್ಲ. ಎರಡನೆಯ ದಿನವೂ ಹೀಗೆಯೇ ಕಳೆಯಿತು. ದೊಡ್ಡ ಡಾಕ್ಟರು ಬೇರೆ ಊರಿಗೆ ಹೋಗಿದ್ದರು. ನಡಿಗೆ ಟೀಚರ್ ಖಾಲಿ ವಾಕರ್ ಹಿಡಿದು ಬಾಗಿಲಲ್ಲಿ ನಿಂತು ಅಳುವುದೊಂದು ಬಾಕಿ.

ಮೂರನೆಯ ದಿನ ಬೆಳಿಗ್ಗೆ ಮೇಸ್ತ್ರಿಗಳ ಹೆಂಡತಿ ಬಂದಳು.

ವಾರ್ಡು ಎರಡನೆಯ ಮಹಡಿಯಲ್ಲಿತ್ತು. ಲಿಫ್ಟೆಂದರೆ ಆಕೆಗೆ ಎದೆ ನಡುಗುತ್ತದೆ. ಸ್ಟ್ರೆಚರು ತಳ್ಳುವ ಇಳಿಜಾರು ದಾರಿಯಲ್ಲೇ ಗೋಡೆ ಹಿಡಿದು, ಅಡ್ಡಡ್ಡವಾಗಿ ಹೆಜ್ಜೆ ಹಾಕಿ, ಎಲ್ಲಿ ಬೆಂಚು ಕಂಡರೆ ಅಲ್ಲಿ ಕೂತು, ಮುಕ್ಕಾಲು ಗಂಟೆ ತೆಗೆದುಕೊಂಡು ಬಂದಿದ್ದಳು. ಬಿಸಿನೀರಿನ ಫ್ಲಾಸ್ಕು ಬೇರೆ. ಸ್ಯಾಂಪಲ್ ನೋಡಲು ಬಂದಿದ್ದಳು, ಪಾಪ. ತಲೆಗೂದಲು ಬಾಚಿ, ಒಳ್ಳೆಯ ಸೀರೆ ಉಟ್ಟುಕೊಂಡು ಬಂದಿದ್ದಳು.

ಬಾಗಿಲಲ್ಲಿ ನಿಂತು ಆಕೆ ಒಂದು ಸಲ ಒಳಗೆಲ್ಲ ಕಣ್ಣಾಡಿಸಿದಳು. ಎಂಟು ಜನ ಗಂಡಸರು ಸೂರು ನೋಡುತ್ತ ಅಂಗಾತ ಮಲಗಿದ್ದರು. ಎಂಟು ಮಂಡಿಗಳು ಗುಡ್ಡದ ಹಾಗೆ ಎದ್ದು ನಿಂತಿದ್ದವು. ಯಾರೂ ಮಿಸುಕುತ್ತಿರಲಿಲ್ಲ.

"ಬಂದ್ಯಾ?" ಎಂದರು ಮೇಸ್ತ್ರಿಗಳು, ತಲೆಯನ್ನಷ್ಟೇ ತಿರುಗಿಸಿ.

"ಏಳಿ ನೋಡೋಣ."

"ಈಗ ಆಗಲ್ಲ ಕಣೆ. ಇನ್ನೂ ಹದಿನೆಂಟು ದಿನ."

ಆಕೆ ಡ್ರೈವರ ಕಡೆ ನೋಡಿದಳು. "ನೀವು?"

"ನಂಗೆ ಹದಿನೇಳಮ್ಮ."

ಆಕೆ ಫ್ಲಾಸ್ಕನ್ನು ಮೇಜಿನ ಮೇಲಿಟ್ಟಳು. ದನಿ ಎತ್ತಲಿಲ್ಲ. ಎತ್ತಿದ್ದರೆ ಮೇಸ್ತ್ರಿಗಳಿಗೆ ಅಷ್ಟು ಭಯವಾಗುತ್ತಿರಲಿಲ್ಲ.

"ನಾನು ಹೇಳಿದ್ದೇನು? ಮಂಚ ಹಿಡೀತಾರೆ ಅಂದಿದ್ದೆ. ಒಬ್ಬರಲ್ಲ ಇಬ್ಬರಲ್ಲ, ಎಂಟು ಜನ. ನೀವು ಬೇಗ ಹುಷಾರಾಗಿ. ನನ್ನ ಸುದ್ದಿಗೆ ಮಾತ್ರ ಇನ್ಮೇಲೆ ಬರ್ಬೇಡಿ. ನನ್ನ ಕಾಲು ಎಷ್ಟು ದಿನ ಎಳೆಯುತ್ತೋ ಎಳೀಲಿ."

ತಿರುಗಿ ಹೊರಟೇಬಿಟ್ಟಳು. ಕಾರಿಡಾರಿನ ಗೋಡೆಯ ಮೇಲೆ ಆಕೆಯ ಅಂಗೈ ಸವರುವ ಸದ್ದು ಕೇಳಿಸಿತು. ಸರ್ರ್... ನಿಲ್ಲುವುದು. ಸರ್ರ್... ಮತ್ತೆ ನಿಲ್ಲುವುದು.

"ಲೇ, ನಿಲ್ಲೇ! ಸ್ಯಾಂಪಲ್ ಇನ್ನೂ ಒಣಗಿಲ್ಲ ಕಣೆ!" ಎಂದು ಮೇಸ್ತ್ರಿಗಳು ಕೂಗಿದರು.

ಸದ್ದು ನಿಲ್ಲಲಿಲ್ಲ. ಇಳಿಜಾರು ಇಳಿದು ಒಮ್ಮೆ ಮನೆ ಸೇರಿದಳೆಂದರೆ ಮುಗಿಯಿತು. ಆಕೆ ಎರಡನೆಯ ಸಲ ಯಾವ ಮಾತಿಗೂ ಒಪ್ಪಿದವಳಲ್ಲ.

ಇಲ್ಲಿ ಓದುಗರು ಒಂದು ವಿಷಯವನ್ನು ಗಮನಿಸಬೇಕು. ಕಾಲು ಕೆಳಗಿಟ್ಟರೆ ಮಂಡಿ ಹಸಿ ಮೋಲ್ಡಿನ ಹಾಗೆ ಕುಸಿದು ಪುಡಿಯಾಗುತ್ತದೆ ಎಂಬ ಮೇಸ್ತ್ರಿಗಳ ನಂಬಿಕೆಯಲ್ಲಿ ಆ ಕ್ಷಣಕ್ಕೂ ಎಳ್ಳಷ್ಟು ಬದಲಾವಣೆ ಆಗಿರಲಿಲ್ಲ. ಮನಸಾರೆ ಹಾಗೆ ನಂಬಿಕೊಂಡೇ ಅವರು ಎರಡು ದಿಂಬುಗಳನ್ನೂ ಎಳೆದು ಬಿಸಾಡಿದರು. ನೀರಿನ ಬಾಟಲಿ ಉರುಳಿಕೊಂಡು ದರ್ಜಿಯವರ ಮಂಚದ ಕೆಳಗೆ ಹೋಯಿತು.

"ಹೋದ್ರೆ ಹೋಗ್ಲಿ, ಒಂದು ಮಂಡಿ ತಾನೆ!" ಎಂದು ಹಲ್ಲು ಕಚ್ಚಿ, ಬಾಗಿಲಲ್ಲಿ ನಿಂತಿದ್ದ ನಡಿಗೆ ಟೀಚರಿಗೆ, "ತಗೊಂಡು ಬಾಮ್ಮ ಆ ಕುರ್ಚಿ ಕಾಲನ್ನ!" ಎಂದು ಕೂಗಿದರು.

ಆಕೆ ವಾಕರ್ ಹಿಡಿದು ಓಡಿ ಬಂದಳು. ಮೇಸ್ತ್ರಿಗಳು ಕಣ್ಣು ಮುಚ್ಚಿ, ಬಲಗಾಲನ್ನು ನೆಲಕ್ಕೆ ಊರಿ, ಬಿರುಕು ಬಿಡುವ ಸದ್ದಿಗಾಗಿ ಕಾದರು. ನೋವಿತ್ತು. ಕಣ್ಣಲ್ಲಿ ನೀರು ಬರಿಸುವ ನೋವು. ಆದರೆ ಸದ್ದಿಲ್ಲ. ಐದು ವರ್ಷದಿಂದ ಹೆಜ್ಜೆ ಹೆಜ್ಜೆಗೂ ಕಟಕಟ ಎನ್ನುತ್ತಿದ್ದ ಮಂಡಿ ತುಟಿ ಬಿಚ್ಚಲಿಲ್ಲ.

ಆಮೇಲೆ ಆ ಕಾರಿಡಾರಿನಲ್ಲಿ ಒಂದು ಓಟದ ಪಂದ್ಯ ನಡೆಯಿತು. ಮುಂದೆ ಗೋಡೆ ಹಿಡಿದ ಹೆಂಡತಿ, ಹಿಂದೆ ವಾಕರ್ ಹಿಡಿದ ಗಂಡ. ಗಂಡನ ಪಕ್ಕದಲ್ಲಿ, "ಮೊದಲು ವಾಕರು, ಆಮೇಲೆ ಬಲಗಾಲು, ಮೆಲ್ಲಗೆ ಅಂಕಲ್, ಮೆಲ್ಲಗೆ," ಎನ್ನುತ್ತ ನಡಿಗೆ ಟೀಚರ್. ಅವರ ಹಿಂದೆ, ಆಸ್ಪತ್ರೆಯ ಗೌನಿಗೆ ಹಿಂಭಾಗವೆಂಬುದು ಸರಿಯಾಗಿ ಇರುವುದಿಲ್ಲವಾದ್ದರಿಂದ, ಒಂದು ಹೊದಿಕೆ ಬಿಚ್ಚಿ ಹಿಡಿದು ನರ್ಸಮ್ಮ. ಇಷ್ಟು ನಿಧಾನವಾದ ಪಂದ್ಯವನ್ನು ಯಾವ ಮೈದಾನವೂ ಕಂಡಿರಲಾರದು. ವಾರ್ಡಿನ ಏಳು ಜನ ಮಂಚದಲ್ಲೇ ಎದ್ದು ಕೂತು, "ಮೇಸ್ತ್ರಿಗಳೇ, ಬಿಡ್ಬೇಡಿ!" ಎಂದು ಕೂಗುತ್ತಿದ್ದರು.

ಮೂವತ್ತನೆಯ ಹೆಜ್ಜೆಗೆ ಮೇಸ್ತ್ರಿಗಳು ಹೆಂಡತಿಯ ಪಕ್ಕಕ್ಕೆ ಬಂದರು. ಮೂವತ್ತೆರಡನೆಯದಕ್ಕೆ ಆಕೆಯನ್ನು ದಾಟಿ ಮುಂದೆ ಹೋದರು. ನಿಲ್ಲಿಸುವುದು ಹೇಗೆಂದು ಗೊತ್ತಾಗದೆ ಇನ್ನೂ ನಾಲ್ಕು ಹೆಜ್ಜೆ ಹೋಗಿ, ಆಮೇಲೆ ಪ್ರಯಾಸದಿಂದ ತಿರುಗಿದರು. ಬೆವರು ಸುರಿಯುತ್ತಿತ್ತು.

ಆಕೆ ಗೋಡೆಗೆ ಒರಗಿ ನಿಂತು ನೋಡುತ್ತಿದ್ದಳು. ಕಣ್ಣು ತುಂಬಿಕೊಂಡಿತು.

"ಮೂರು ದಿನದ ಮಂಡಿ," ಎಂದರು ಮೇಸ್ತ್ರಿಗಳು ಏದುಸಿರು ಬಿಡುತ್ತ. "ನಿನ್ನನ್ನ ಹಿಂದೆ ಹಾಕ್ತು. ಯೋಚನೆ ಮಾಡು."

"ನಿಮ್ಮ ಗೌನು ಸರಿ ಮಾಡ್ಕೊಳ್ರಿ," ಎಂದು ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಧ್ಯಾಹ್ನ ಊರಿನಿಂದ ಮರಳಿದ ಡಾಕ್ಟರು ನಡೆದದ್ದನ್ನೆಲ್ಲ ಕೇಳಿ, ನಗು ತಡೆಯಲು ಕಿಟಕಿಯ ಕಡೆ ತಿರುಗಿ ನಿಂತಿದ್ದು, ಬಳಿಕ ಮೇಸ್ತ್ರಿಗಳ ಮಂಚದ ಬಳಿ ಕೂತರು. ಹೆಂಡತಿ ಅಲ್ಲೇ ಸ್ಟೂಲಿನ ಮೇಲಿದ್ದಳು.

"ಅವತ್ತೇ ಹೇಳಿದ್ದೆ, ನೀವು ಕೇಳಿಸ್ಕೊಳ್ಳಲಿಲ್ಲ. ಮೂಳೇನ ಅಳತೆಗೆ ಸರಿಯಾಗಿ ಕೊಯ್ದು, ಒಂಚೂರೂ ಸಂದು ಇಲ್ಲದ ಹಾಗೆ ಬಿಗಿಯಾಗಿ ಬಡಿದು ಕೂರಿಸ್ತೀವಿ. ಹಿಡಿತ ಮೊದಲ ದಿನದಿಂದಲೇ ಇರುತ್ತೆ. ಮೂಳೆ ಬೆಳೆಯೋದು ಅದರ ಮೇಲಿನ ಭದ್ರತೆ. ಹೇಳಿಕೊಟ್ಟ ಹಾಗೆ ನಡೆದ್ರೆ ಒಳ್ಳೇದೇ."

ಮೇಸ್ತ್ರಿಗಳು ಒಂದು ಮುಷ್ಟಿಯೊಳಗೆ ಇನ್ನೊಂದು ಕೈಯ ಬೆರಳು ತುರುಕಿ ನೋಡಿದರು. "ಸುತ್ತಿಗೆಗೆ ಹಿಡಿ ಹಾಕಿದ ಹಾಗೆ?"

"ಹೆಚ್ಚು ಕಡಿಮೆ ಹಾಗೇ."

"ಅಯ್ಯೋ ದೇವರೇ!" ಮೇಸ್ತ್ರಿಗಳು ಹಣೆ ಚಚ್ಚಿಕೊಂಡರು. "ಇದು ಗಾರೆ ಕೆಲಸವೇ ಅಲ್ಲ, ಬಡಗಿ ಕೆಲಸ! ಮೊದಲೇ ಹಾಗಂದಿದ್ರೆ ನಾನು ಬಾಯೇ ಹಾಕ್ತಿರ್ಲಿಲ್ಲ." ನಲವತ್ತು ವರ್ಷ ಬಡಗಿಗಳ ಜೊತೆ ಬಾಗಿಲ ಚೌಕಟ್ಟಿನ ಅಳತೆಗಾಗಿ ಜಗಳವಾಡಿದ ಮನುಷ್ಯನ ಕಾಲಿನೊಳಗೆ ಈಗ ಬಡಗಿ ಕೆಲಸವೇ ಸೇರಿಕೊಂಡಿತ್ತು. ವಾರ್ಡಿನಲ್ಲಿ ಒಂದೊಂದಾಗಿ ದಿಂಬುಗಳು ನೆಲಕ್ಕೆ ಬಿದ್ದವು. ಅಂದು ಸಂಜೆ ನಡಿಗೆ ಟೀಚರಿಗೆ ವಾಕರುಗಳು ಸಾಲಲಿಲ್ಲ.

ಎರಡು ತಿಂಗಳು ಕಳೆದು ಅದೇ ಕೋಣೆಯಲ್ಲಿ ಡಾಕ್ಟರು ಈ ಸಲ ಹೆಂಡತಿಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಮೇಸ್ತ್ರಿಗಳು ಈಗ ಬೀದಿಯಲ್ಲಿ ಸಿಮೆಂಟಿಲ್ಲದ ಮಂಡಿಯ ಮಹಾ ಪ್ರಚಾರಕರು. ಸಾಹುಕಾರರ ಅಂಗಡಿಯ ಮುಂದೆಯೇ ನಿಂತು ಸಿಮೆಂಟನ್ನು ಹೀಯಾಳಿಸಿ ಅವರೊಂದಿಗೆ ಮಾತು ಬಿಟ್ಟಿದ್ದರು. ಎದೆ ಮುಂದೆ ಮಾಡಿ, "ನಂದೇ ಥರ, ಬಿಗಿಯಾಗಿ ಬಡಿದುಬಿಡಿ ಡಾಕ್ಟ್ರೇ," ಎಂದರು.

"ಇಲ್ಲ ಮೇಸ್ತ್ರಿಗಳೇ. ಇವರ ಮೂಳೆ ಮೆದು ಇದೆ. ಇವರಿಗೆ ಸಿಮೆಂಟ್ ಹಾಕಿದ್ರೇನೇ ಕ್ಷೇಮ."

ಮುಂದೆ ಮಾಡಿದ್ದ ಎದೆ ಹಿಂದೆ ಹೋಯಿತು.

"ಸಿಮೆಂಟಾ?" ಮೇಸ್ತ್ರಿಗಳು ಮತ್ತೆ ಕುರ್ಚಿಯ ತುದಿಗೆ ಬಂದರು. "ಅದು... ಗಟ್ಟಿಯಾಗೋಕೆ ಎಷ್ಟು ದಿನ?"

"ಹದಿನೈದು ನಿಮಿಷ."

"ಹದಿನೈದು ನಿಮಿಷದಲ್ಲಿ ಒಣಗೋ ಸಿಮೆಂಟು ಈ ಭೂಮಿ ಮೇಲೆ ಇಲ್ಲ! ನಲವತ್ತು ವರ್ಷ ನಾನು..."

"ರೀ," ಎಂದಳು ಹೆಂಡತಿ. ಮೇಸ್ತ್ರಿಗಳು ಬಾಯಿ ಮುಚ್ಚಿದರು. ಆಕೆ ಡಾಕ್ಟರ ಕಡೆ ತಿರುಗಿ, "ಯಾವತ್ತು ಬರ್ಲಿ ಹೇಳಿ," ಎಂದಳು.

ಮೊದಲು ಎಡಗಾಲಿನದಾಯಿತು. ಮರುದಿನ ಬೆಳಿಗ್ಗೆ ನಡಿಗೆ ಟೀಚರ್ ವಾಕರ್ ತಂದಾಗ ಹೆಂಗಸರ ವಾರ್ಡಿನ ಬಾಗಿಲಲ್ಲಿ ಮೇಸ್ತ್ರಿಗಳು ನಿಂತಿದ್ದರು. ಒಳಗೆ ಬರಬಾರದೆಂದು ನರ್ಸಮ್ಮ ಕಟ್ಟಪ್ಪಣೆ ಮಾಡಿದ್ದರು. ಎರಡು ಕೈಗಳನ್ನೂ ಮುಂದೆ ಚಾಚಿ, ಗೋಡೆ ಬಿದ್ದರೆ ಹಿಡಿಯಲು ನಿಂತ ಹಾಗೆ, ಬಾಗಿಲಿಗೆ ಅಡ್ಡವಾಗಿ ನಿಂತಿದ್ದರು.

ಆಕೆ ಎದ್ದಳು. ಒಂದು ಸಲ ಉಸಿರೆಳೆದುಕೊಂಡಳು. ವಾಕರು, ಎಡಗಾಲು, ಬಲಗಾಲು. ದಾರಿಯಲ್ಲಿ ಒಂದು ಸ್ಟೂಲಿತ್ತು. ಆಕೆ ಅದರತ್ತ ನೋಡಲೂ ಇಲ್ಲ. ನೇರವಾಗಿ ಗಂಡನ ಎದುರಿಗೆ ಬಂದು, ಆ ಚಾಚಿದ ಕೈಗಳನ್ನು, ಆ ಗಾಬರಿಯ ಮುಖವನ್ನು ನೋಡಿ, ಹದಿನೈದು ವರ್ಷದಿಂದ ಹೇಳಲಾಗದಿದ್ದ ಮಾತೊಂದನ್ನು ಹೇಳಿದಳು.

"ದಾರಿ ಬಿಡ್ರಿ, ಮುಂದೆ ಹೋಗ್ಬೇಕು."